ಗಡ್ಡೆಯ ಪಾಲು

ಬೋರಕ್ಕ ಬೆಲ್ಲದ ಡಬ್ಬಿಯನ್ನು ಟ್ರಂಕಿನ ತಳಕ್ಕೆ, ತನ್ನ ಮದುವೆ ಸೀರೆಯ ಅಡಿಗೆ ತುರುಕಿ ಬೀಗ ಹಾಕಿದಳು. ಬಾಗಿಲ ಹತ್ತಿರ ಗೋಡೆಗೊರಗಿ ಕೂತಿದ್ದ ಗಂಡ ಮಾರಯ್ಯ ಅದನ್ನೆಲ್ಲ ನೋಡುತ್ತಲೇ ಇದ್ದ.

"ಈ ವಯಸ್ಸಿನಾಗೆ ನನ್ನ ಬೆಲ್ಲಗಳ್ಳನ್ನ ಮಾಡಿದೆಯಲ್ಲೇ ಬೋರಿ," ಎಂದ.

"ಕಳ್ಳ ನೀವಲ್ಲ. ನಿಮ್ಮ ಕುತ್ಗೆಯಾಗೆ ಕುಂತಾನಲ್ಲ, ಅವ್ನು," ಎಂದು ಅವಳು ಬೀಗದ ಕೈಯನ್ನು ತಾಳಿಯ ಪಕ್ಕದ ಪಿನ್ನಿಗೆ ಸಿಕ್ಕಿಸಿಕೊಂಡಳು.

ಕುತ್ತಿಗೆಯಲ್ಲಿ ಕೂತಿದ್ದವನು ನಿಂಬೆಕಾಯಿ ಗಾತ್ರದ ಒಂದು ಗಡ್ಡೆ. ಯುಗಾದಿ ಹೊತ್ತಿಗೆ ಅಡಿಕೆಯಷ್ಟಿತ್ತು. ಮಾರಯ್ಯ ಅದರ ಮೇಲೆ ಟವೆಲ್ಲು ಸುತ್ತಿಕೊಂಡು ಮೂರು ತಿಂಗಳು ಮರೆಮಾಚಿದ್ದ. ಮೂವತ್ತು ವರ್ಷ ದೇವರ ಎತ್ತುಗಳನ್ನು ಕಾಯ್ದ ಕಿಲಾರಿ ಅವನು. ಬರಿಗಾಲಲ್ಲಿ ಹುಲ್ಲುಗಾವಲೆಲ್ಲ ಸುತ್ತಿ, ಎತ್ತಿನ ಕಿವಿಯೊಳಗೆ ಕೂತು ರಕ್ತ ಹೀರುವ ಉಣ್ಣೆಯನ್ನು ಮಾರು ದೂರದಿಂದ ಪತ್ತೆ ಹಚ್ಚುತ್ತಿದ್ದ ಗಂಡಸು ತನ್ನ ಕುತ್ತಿಗೆಯದನ್ನು ಮಾತ್ರ ಯಾರಿಗೂ ತೋರಿಸಲಿಲ್ಲ. ಕೊನೆಗೆ ಜ್ವರ ಬಿಡದೆ ಹೋದಾಗ ಬೋರಕ್ಕನೇ ಟವೆಲ್ಲು ಕಿತ್ತೆಸೆದು, ಕೊಂಡ್ಲಹಳ್ಳಿಯಲ್ಲಿ ಬಸ್ಸು ಹತ್ತಿಸಿ, ಚಳ್ಳಕೆರೆಯಲ್ಲಿ ಇಳಿಸಿ, ಅಲ್ಲಿಂದ ಮತ್ತೊಂದು ಬಸ್ಸಿಗೆ ಹಾಕಿ ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ಗಡ್ಡೆಯ ಚೂರು ಕತ್ತರಿಸಿ ನೋಡಿ, ಇದು ಲಿಂಫೋಮಾ, ಕ್ಯಾನ್ಸರಿನ ಜಾತಿಯದು, ಆದರೆ ಔಷಧಿಗೆ ಬಗ್ಗುವಂಥದ್ದು ಎಂದರು. ಬೋರಕ್ಕನ ಕಿವಿಗೆ ಮೊದಲರ್ಧ ಬಿದ್ದಷ್ಟು ಜೋರಾಗಿ ಉಳಿದರ್ಧ ಬೀಳಲಿಲ್ಲ.

ಬೆಲ್ಲಕ್ಕೆ ಬೀಗ ಬಿದ್ದದ್ದು ಸ್ಕ್ಯಾನು ಮಾಡಿಸಿದ ಮಾರನೆಯ ದಿನ. ಸ್ಕ್ಯಾನಿನ ಕೋಣೆಯಲ್ಲಿ ಕಾಂಚನಾ ಎಂಬ ಹೆಣ್ಣುಮಗಳಿದ್ದಳು. ಪಾಪ, ಒಳ್ಳೆಯ ಹುಡುಗಿ. ಹೊರಗೆ ಕಾದು ಕಾದು ಸೊರಗಿದ್ದ ಬೋರಕ್ಕನನ್ನು ಕರೆದು ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿದಳು. ಬಿಳಿ ಪರದೆಯ ಮೇಲೆ ಮಾರಯ್ಯ ನೆರಳಿನಂತೆ ನಿಂತಿದ್ದ. ಕುತ್ತಿಗೆ, ಕಂಕುಳು, ಹೊಟ್ಟೆಯೊಳಗೆ ಅಲ್ಲಲ್ಲಿ ಕರಿ ಮಚ್ಚೆ.

"ಇದೇನವ್ವ ಇಷ್ಟು ಕರ್ರಗೆ?"

"ಬೆಳಿಗ್ಗೆ ಕೈಗೊಂದು ಇಂಜೆಕ್ಷನ್ ಕೊಟ್ವಲ್ಲಮ್ಮ, ಅದು ಸಕ್ಕರೆ ಥರದ್ದು. ಗಡ್ಡೆಗೆ ಸಕ್ಕರೆ ಅಂದ್ರೆ ಪ್ರಾಣ. ಬೇರೆ ಕಡೆಗಿಂತ ಜಾಸ್ತಿ ಎಳ್ಕೊಳ್ಳುತ್ತೆ. ಎಲ್ಲೆಲ್ಲಿ ಎಳ್ಕೊಂಡಿದೆಯೋ ಅಲ್ಲೆಲ್ಲ ಹೀಗೆ ಕಾಣುತ್ತೆ."

"ತಲೆಯಾಗೂ ಐತಲ್ಲವ್ವ?" ಬೋರಕ್ಕ ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು.

"ಅಯ್ಯೋ, ಅದು ಮೆದುಳಮ್ಮ. ಮೆದುಳಿಗೂ ಸಕ್ಕರೆನೇ ಊಟ. ಅದು ಎಲ್ಲರಿಗೂ ಹಾಗೇ ಇರುತ್ತೆ."

ಕೊನೆಯ ಮಾತು ಬೋರಕ್ಕನ ತಲೆಗೆ ಹೋಗಲೇ ಇಲ್ಲ. ಸಕ್ಕರೆ ಅಂದ್ರೆ ಪ್ರಾಣ ಎಂಬುದನ್ನಷ್ಟೇ ಸೆರಗಿಗೆ ಗಂಟು ಹಾಕಿಕೊಂಡು ಬಂದಳು. ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಹೆಂಗಸಿನ ಮುಂದೆ ಬಾಯಿಬಿಟ್ಟಾಗ ಆಕೆ, ಅಕ್ಕಿ ರಾಗಿ ಜೋಳ ಎಲ್ಲ ಹೊಟ್ಟೆಗೆ ಹೋದ ಮೇಲೆ ಸಕ್ಕರೆಯೇ ಆಗೋದು ಕಣಕ್ಕ, ನಮ್ಮ ಶುಗರ್ ಡಾಕ್ಟ್ರು ಹೇಳವ್ರೆ ಎಂದಳು. ಅಲ್ಲಿಗೆ ಮುದ್ದೆಯೂ ಹೋಯಿತು, ಅನ್ನವೂ ಹೋಯಿತು. ಆಸ್ಪತ್ರೆಯ ಚೀಟಿಯಲ್ಲಿ ಮೊಟ್ಟೆ, ಕೋಳಿ ಎಂದು ಬರೆದಿದ್ದರು. ದೇವರ ಎತ್ತು ಸಾಕುವ ಮ್ಯಾಸ ಕುಲದವರ ಮನೆಯಲ್ಲಿ, ಅದರಲ್ಲೂ ಕಿಲಾರಿಯ ಮನೆಯಲ್ಲಿ, ಕೋಳಿ ಹೊಸ್ತಿಲು ದಾಟುವಂತಿಲ್ಲ. ಹೀಗೆ ಒಂದೊಂದೇ ತೆಗೆದು ಹಾಕಿದ ಮೇಲೆ ತಟ್ಟೆಯಲ್ಲಿ ಉಳಿದದ್ದು ಬೇಯಿಸಿದ ಸೊಪ್ಪು, ನೀರು ಮಜ್ಜಿಗೆ, ಹಿಡಿ ಕಡಲೆಕಾಯಿ.

ಅಷ್ಟಕ್ಕೇ ಬಿಟ್ಟಿದ್ದರೆ ಒಂದು ಮಾತಾಗಿತ್ತು. ಆ ಸೋಮವಾರ ದೇವರ ಎತ್ತುಗಳು ಹಟ್ಟಿಗೆ ಬಂದವು. ಮಾರಯ್ಯನಿಗೆ ಕೈಲಾಗದೆ ಹೋದ ಮೇಲೆ ಅವನ ತಂಗಿಯ ಮಗ ಚಿನ್ನಯ್ಯನೇ ಕಿಲಾರಿಯಾಗಿದ್ದ. ಬೋರಕ್ಕ ಮುಂದಿನ ಎತ್ತಿನ ಕಾಲಿಗೆ ನೀರು ಹಾಕಿ, ಹಣೆ ಮುಟ್ಟಿ, ಹಟ್ಟಿಯ ಜನರೆಲ್ಲ ಕೇಳುವಂತೆ ಆಣೆಯಿಟ್ಟಳು. "ಗಡ್ಡೆ ಕರಗೋ ತನಕ ಸಕ್ಕರೆ ಆಗೋ ಪದಾರ್ಥ ಯಾವುದನ್ನೂ ಇವರ ಬಾಯಿಗೆ ಹಾಕಾಕಿಲ್ಲ, ತಂದೆ." ಮಾರಯ್ಯ ಬಾಗಿಲಲ್ಲಿ ನಿಂತು ಕೇಳಿದ. ಎತ್ತಿನ ಮುಂದೆ ಆಡಿದ ಮಾತಿನ ತೂಕ ಏನೆಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆಸ್ಪತ್ರೆಯಲ್ಲಿ ಮೂರು ವಾರಕ್ಕೊಮ್ಮೆ ರಕ್ತನಾಳಕ್ಕೆ ಔಷಧಿ ಹಾಕಿ ಕಳಿಸುತ್ತಿದ್ದರು. ಜೊತೆಗೆ ಐದು ದಿನ ನುಂಗಲು ಬಿಳಿ ಮಾತ್ರೆ. ಆ ಮಾತ್ರೆಯ ಗುಣವೋ ಏನೋ, ನುಂಗಿದ ದಿನಗಳಲ್ಲಿ ಮಾರಯ್ಯನಿಗೆ ಭೂತ ಹಸಿವು. ಪಕ್ಕದ ಮನೆಯಲ್ಲಿ ಮುದ್ದೆ ತೊಳಸುವ ವಾಸನೆ ಬಂದರೆ ಎದ್ದು ಹೋಗಿ ಬೇವಿನ ಮರದ ಕೆಳಗೆ ಕೂರುತ್ತಿದ್ದ. ಒಮ್ಮೆಯೂ ಕೇಳಲಿಲ್ಲ. ಬೋರಕ್ಕ ಮಜ್ಜಿಗೆಯ ಲೋಟ ಹಿಡಿದು ಹೋದರೆ ಗಟಗಟ ಕುಡಿದು ಮೀಸೆ ಒರೆಸಿಕೊಂಡು, "ತಂಪಾತು ಕಣೆ," ಎನ್ನುತ್ತಿದ್ದ.

ಗಡ್ಡೆ ಇಳಿಯುತ್ತಿತ್ತು. ಅದು ಸುಳ್ಳಲ್ಲ. ದಿನಾ ಬೆಳಿಗ್ಗೆ ಬೋರಕ್ಕ ಬೆರಳಿಟ್ಟು ನೋಡುತ್ತಿದ್ದಳು. ನಿಂಬೆಕಾಯಿ ಇದ್ದದ್ದು ನೆಲ್ಲಿಕಾಯಿ, ಆಮೇಲೆ ಅಡಿಕೆ. ನೋಡು, ಕುತ್ಗೆಯಾಗಿನ ಕಳ್ಳ ಹೊಟ್ಟೆಗಿಲ್ಲದೆ ಸಾಯ್ತಾ ಅವ್ನೆ ಎಂದು ಅವಳಿಗೆ ಒಳಗೊಳಗೇ ಹಿಗ್ಗು. ಜೊತೆಗೆ ಮಾರಯ್ಯನ ಕೆನ್ನೆಯೂ ಇಳಿಯುತ್ತಿದ್ದುದನ್ನು, ಪಂಚೆಯ ಗಂಟು ಎರಡು ಸಲ ಬಿಗಿ ಮಾಡಬೇಕಾದದ್ದನ್ನು ಅವಳು ನೋಡಲಿಲ್ಲವೆಂದಲ್ಲ. ನೋಡಿ, ಔಷಧಿಯ ಕಾವು ಎಂದುಕೊಂಡಳು.

ಮೂರನೇ ಸಲ ಹೋದಾಗ ಡಾಕ್ಟರು ಪ್ರೇಮಲತಾ ತೂಕದ ಯಂತ್ರದ ಮೇಲೆ ಮಾರಯ್ಯನನ್ನು ನಿಲ್ಲಿಸಿ, ಇಳಿಸಿ, ಮತ್ತೆ ನಿಲ್ಲಿಸಿದರು.

"ಐವತ್ತೆಂಟು ಇದ್ರಿ. ಐವತ್ತಾಗಿದೀರಿ. ಏನು ತಿಂತೀರಿ ಮನೇಲಿ?"

 ಬೋರಕ್ಕನಿಗಿಂತ ಮೊದಲು ಮಾರಯ್ಯನೇ ಉತ್ತರ ಕೊಟ್ಟ.

"ಎಲ್ಲಾ ತಿಂತೀನಿ ತಾಯಿ. ಮುದ್ದೆ, ಅನ್ನ, ಹಾಲು, ಯಾತಕ್ಕೂ ಕಮ್ಮಿ ಇಲ್ಲ. ಇವ್ಳು ಬಲವಂತ ಮಾಡಿ ಮಾಡಿ ಇಕ್ಕುತಾಳೆ. ಈ ಹಾಳು ಮೈಗೆ ಹತ್ತಂಗಿಲ್ಲ."

ಡಾಕ್ಟರು ಅವನ ತೋಳು ಹಿಡಿದು ನೋಡಿದರು. ಹಿಡಿ ತುಂಬದಷ್ಟು ತೋಳು. "ಹೀಗಿದ್ರೆ ಇವತ್ತು ಔಷಧಿ ಕೊಡೋಕಾಗಲ್ಲ. ಗಡ್ಡೆ ಚೆನ್ನಾಗಿ ಕರಗ್ತಾ ಇದೆ, ಆದ್ರೆ ಔಷಧಿ ತಡ್ಕೊಳ್ಳೋಕೆ ಮೈಯಲ್ಲಿ ಶಕ್ತಿ ಬೇಕಲ್ಲ. ಒಂದು ವಾರ ಬಿಟ್ಟು ಬನ್ನಿ. ಆಗಲೂ ಹೀಗೇ ಇದ್ರೆ ಮತ್ತೆ ಮುಂದಕ್ಕೆ ಹಾಕಬೇಕಾಗುತ್ತೆ. ಅರ್ಧಕ್ಕೆ ನಿಂತ್ರೆ ಅದು ಮತ್ತೆ ಬೆಳೆಯುತ್ತೆ."

"ಅವರು ಸುಳ್ಳು ಹೇಳ್ತಾರೆ ತಾಯಿ," ಎಂದಳು ಬೋರಕ್ಕ. ಹೇಳುವಾಗ ನೆಲ ನೋಡುತ್ತಿದ್ದಳು. "ಎರಡು ತಿಂಗ್ಳಾತು. ಒಂದು ತುತ್ತು ಮುದ್ದೆ ಕೊಟ್ಟಿಲ್ಲ ನಾನು. ಗಡ್ಡೆಗೆ ಸಕ್ಕರೆ ಬೇಕಂತಲ್ಲ, ಅದನ್ನ ಉಪವಾಸ ಕೆಡವಾನ ಅಂತ."

ಡಾಕ್ಟರು ಬೈಯುತ್ತಾರೆಂದುಕೊಂಡಿದ್ದಳು. ಅವರು ಕುರ್ಚಿ ಎಳೆದು ಎದುರಿಗೆ ಕೂತರು.

"ಗಡ್ಡೆಗೆ ಸಕ್ಕರೆ ಬೇಕು ಅನ್ನೋದು ನಿಜ ಕಣಮ್ಮ. ಅದರಿಂದಲೇ ಅದು ಸ್ಕ್ಯಾನಲ್ಲಿ ಸಿಗೋದು. ಆದ್ರೆ ಸಕ್ಕರೆ ಗಡ್ಡೆಗಷ್ಟೇ ಅಲ್ಲ, ಮೆದುಳಿಗೆ, ರಕ್ತಕ್ಕೆ, ಎಲ್ಲಕ್ಕೂ ಬೇಕು. ನೀವು ಬಾಯಿಗೆ ಕೊಡಲಿಲ್ಲ ಅಂದ್ರೆ ದೇಹ ಸುಮ್ನಿರಲ್ಲ. ತೋಳು, ತೊಡೆ ಕರಗಿಸಿ ತಾನೇ ಮಾಡ್ಕೊಳ್ಳುತ್ತೆ. ಗಡ್ಡೆ ಅದರಲ್ಲೂ ತನ್ನ ಪಾಲು ಎಳ್ಕೊಳ್ಳುತ್ತೆ. ಉಪವಾಸ ಬಿದ್ದಿದ್ದು ಗಡ್ಡೆಯಲ್ಲ, ನಿಮ್ಮ ಯಜಮಾನ್ರು."



"ಉಣ್ಣೆಗೆ ರಕ್ತ ಸಿಗಬಾರದು ಅಂತ ಎತ್ತಿಗೆ ಮೇವು ನಿಲ್ಲಿಸಿದಂಗಾತು," ಎಂದ ಮಾರಯ್ಯ ಮೆಲ್ಲಗೆ. ಹೇಳಿದ ಮೇಲೆ ಹೇಳಬಾರದಿತ್ತೆನಿಸಿ ಹೆಂಡತಿಯ ಮುಖ ನೋಡಿದ.

"ಮುದ್ದೆ, ಅನ್ನ, ಬೇಳೆ, ಹಾಲು, ಎಲ್ಲ ಕೊಡಿ. ಸ್ವಲ್ಪ ಬೆಲ್ಲವೂ ಆಗುತ್ತೆ. ಈ ಔಷಧಿ ತಗೊಳ್ಳೋರಿಗೆ ಸೋಂಕು ಬೇಗ ತಗಲುತ್ತೆ, ಏನು ಕೊಟ್ಟರೂ ಚೆನ್ನಾಗಿ ಕುದಿಸಿ ಕೊಡಿ, ಅಷ್ಟೇ," ಎಂದು ಡಾಕ್ಟರು ಎದ್ದರು.

ಚಳ್ಳಕೆರೆ ದಾಟುವವರೆಗೂ ಬೋರಕ್ಕ ಕಿಟಕಿಯಾಚೆ ನೋಡುತ್ತ ಕೂತಿದ್ದಳು.  ಕೊನೆಗೆ ಕೇಳಿಯೇ ಬಿಟ್ಟಳು.

"ನಿಮಗೆ ಗೊತ್ತಿತ್ತು."

"ಏನು?"

"ನಾನು ಮಾಡ್ತಿದ್ದದ್ದು ತಪ್ಪು ಅಂತ. ದನ ಕಾಯ್ದೋರು ನೀವು. ಹೊಟ್ಟೆಗಿಲ್ಲದ ಮೈ ಯಾವ ರೋಗಾನೂ ತಡೆಯಂಗಿಲ್ಲ ಅಂತ ಗೊತ್ತಿಲ್ದೆ ಇರ್ತದಾ? ಯಾಕೆ ಬಾಯಿಬಿಡ್ಲಿಲ್ಲ?"

ಮಾರಯ್ಯ ಟವೆಲ್ಲು ಸರಿಮಾಡಿಕೊಂಡ. 

"ಆಸ್ಪತ್ರ್ಯಾಗೆ ಸೂಜಿ ಚುಚ್ಚೋರು ಅವರು, ಚೀಟಿ ಬರೆಯೋರು ಅವರು. ನೀನು ಹೊರಗೆ ಬೆಂಚಿನ ಮ್ಯಾಲೆ ಬ್ಯಾಗು ಅವಚ್ಕೊಂಡು ಕೂತಿರ್ತಿದ್ದೆ. ಬೀಗ ಹಾಕಿದ ದಿನ ನಿನ್ನ ಮುಖ ನೋಡಿದೆ ನಾನು. ತಿಂಗಳಾದ ಮ್ಯಾಲೆ ಮೊದಲನೇ ಸಲ ನೀನು ನೆಟ್ಟಗೆ ನಿಂತಿದ್ದೆ. ನಿಂಗೂ ಏನಾದ್ರೂ ಮಾಡಬೇಕಿತ್ತು ಬೋರಿ. ನಂದೇನು, ಹಸಿವು ತಾನೆ."

ಬೋರಕ್ಕ ಸೆರಗು ಬಾಯಿಗೊತ್ತಿಕೊಂಡಳು. ಅಳು ಬಂತು, ಸಿಟ್ಟೂ ಬಂತು. ಯಾವುದು ಮೊದಲು ಬಂತೋ ಅವಳಿಗೇ ತಿಳಿಯಲಿಲ್ಲ. "ಮುಂಡೇದು ಬಾಯಿಬಿಟ್ಟು ಕೇಳಬಾರದಾ," ಎಂದು ಗಂಡನ ತೊಡೆಗೆ ಒಂದೇಟು ಹಾಕಲು ಕೈಯೆತ್ತಿದವಳು ಆ ತೊಡೆ ಸಣಕಲಾದದ್ದು ನೋಡಿ ಕೈ ಇಳಿಸಿದಳು.

ಮನೆಗೆ ಬಂದು ಟ್ರಂಕು ತೆರೆದಳು, ಬೆಲ್ಲದ ಡಬ್ಬಿ ಈಚೆ ತೆಗೆದಳು. ತೆಗೆದವಳು ಹಾಗೇ ನಿಂತಳು. ಆಣೆ. ಡಾಕ್ಟರಿಗೆ ಎತ್ತಿನ ಮುಂದಿಟ್ಟ ಆಣೆಯನ್ನು ಹೇಳಿರಲಿಲ್ಲ, ಹೇಳಿದ್ದರೂ ಅವರೇನು ಮಾಡಿಯಾರು? ಮುರಿದರೆ ಅದು ಸುತ್ತಿಕೊಳ್ಳುವುದು ತನ್ನನ್ನಲ್ಲ, ಗಂಡನನ್ನು. ಮುರಿಯದಿದ್ದರೆ ವಾರ ಕಳೆದ ಮೇಲೆ ಔಷಧಿಯಿಲ್ಲ. ಅವಳು ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು, ಮೊರದಲ್ಲಿ ಒಂದು ಸೇರು ರಾಗಿ ಹಿಟ್ಟು ಸುರಿದುಕೊಂಡು ಎತ್ತು ಕೂಡುವ ರೊಪ್ಪದ ಕಡೆ ನಡೆದಳು.

ಎತ್ತುಗಳು ಆಗಷ್ಟೇ ಮೇವು ಮುಗಿಸಿ ಬಂದಿದ್ದವು. ಚಿನ್ನಯ್ಯ ಬೇಲಿಯ ಪಕ್ಕ ಬರಿಗಾಲಲ್ಲಿ ನಿಂತು, "ರಾ ನಾಯನಾ, ರಾ," ಎಂದು ಎತ್ತುಗಳಿಗೆ ರೂಢಿಯಾದ ತೆಲುಗಿನಲ್ಲಿ ಒಂದೊಂದನ್ನೇ ಒಳಗೆ ಕರೆಯುತ್ತಿದ್ದ. ಬೋರಕ್ಕ ಡಾಕ್ಟರು ಅಂದದ್ದನ್ನೆಲ್ಲ ಹೇಳಿದಳು.

"ಆಣೆ ಬಿಡಿಸೋಕೆ ದಾರಿ ಐತೇನಪ್ಪ?"

ಚಿನ್ನಯ್ಯ ತಲೆ ಕೆರೆದುಕೊಂಡ. ಮಾವ ಅವನನ್ನು ಎದೆಯುದ್ದ ಬೆಳೆಸಿದ್ದ. "ನಂಗೆಲ್ಲಿ ಗೊತ್ತು ಅತ್ತೆ. ಇದನ್ನೆಲ್ಲ ಹೇಳಿಕೊಡಬೇಕಾದೋರು ಮಾವನೇ." ಎತ್ತುಗಳ ಕಡೆ ನೋಡಿ ಅಂದ. "ಒಂದು ಮಾತ್ರ ಗೊತ್ತು. ಎತ್ತು ತಿಂದು ಮಿಕ್ಕಿಸಿ ಬಿಟ್ಟಿದ್ದು ಪ್ರಸಾದ. ಪ್ರಸಾದ ಬ್ಯಾಡ ಅನ್ನೋಕೆ ಯಾವ ಆಣೆಗೂ ಹಕ್ಕಿಲ್ಲ."

ಬೋರಕ್ಕ ಹಿಟ್ಟಿನ ಮೇಲೆ ಬೆಲ್ಲದ ಅಚ್ಚನ್ನು ಒಡೆದು ಹಾಕಿ, ಮುಂದಿನ ಎತ್ತಿನೆದುರು ಮೊರ ಹಿಡಿದಳು. ಅದು ಮೂಸಿತು. ಹತ್ತಿರದ ಬೆಲ್ಲದ ಚೂರುಗಳನ್ನು ನಾಲಿಗೆಯಿಂದ ಎಳೆದುಕೊಂಡಿತು. ಆಮೇಲೆ ಹಿಟ್ಟಿಗೆ ಮೂತಿಯಿಟ್ಟಿತು. ದೇವರ ಎತ್ತಾದರೇನು, ಎತ್ತು ಎತ್ತೇ. ಮೊರದ ಒಂದು ಮಗ್ಗುಲು ಖಾಲಿಯಾಯಿತು, ನಡುವೂ ಖಾಲಿಯಾಗುತ್ತ ಬಂತು. ಬಿಡು ತಂದೆ, ಸ್ವಲ್ಪ ಬಿಡು ಎಂದು ಬೋರಕ್ಕ ಒಳಗೇ ಗೋಗರೆದಳು. ಅದು ಬಿಡುವ ಲಕ್ಷಣ ಕಾಣಲಿಲ್ಲ. ಮೊರದ ಇನ್ನೊಂದು ಮೂಲೆಯಲ್ಲಿ ನಾಲ್ಕು ಹಿಡಿ ಹಿಟ್ಟು, ಎರಡು ಚೂರು ಬೆಲ್ಲ ಉಳಿದಿದ್ದಾಗ ಅವಳು ಮೊರವನ್ನು ಸರಕ್ಕನೆ ಎಳೆದುಕೊಂಡು ಸೆರಗು ಮುಚ್ಚಿದಳು.

ಎತ್ತು ಮೂತಿಗೆಲ್ಲ ಹಿಟ್ಟು ಮೆತ್ತಿಕೊಂಡು ಅವಳನ್ನೇ ನೋಡಿತು. ಬೋರಕ್ಕ ಚಿನ್ನಯ್ಯನ ಕಡೆ ತಿರುಗಿದಳು. ಚಿನ್ನಯ್ಯ ಆ ಹೊತ್ತಿಗೆ ಬೆನ್ನು ತಿರುಗಿಸಿ ದೂರದ ಗುಡ್ಡ ನೋಡುತ್ತಿದ್ದ.

"ಬಿಟ್ಟಿತಾ ಅತ್ತೆ?" ಎಂದು ತಿರುಗದೆ ಕೇಳಿದ.

"ಬಿಡ್ತು ಕಣಪ್ಪ," ಎಂದಳು ಬೋರಕ್ಕ.

ಒಲೆಯ ಮೇಲೆ ನೀರು ಮರಳಿತು. ಪ್ರಸಾದದ ಹಿಟ್ಟಿಗೆ ಮನೆಯ ಹಿಟ್ಟು ಬೆರೆಸಿ ಕದಡಿ ಹಾಕಿ, ಬೆಲ್ಲ ಕರಗಿಸಿ, ಗಂಜಿಯನ್ನು ಕೊತಕೊತ ಕುದಿಸಿ, ಆಮೇಲೂ ನೂರು ಎಣಿಸುವಷ್ಟು ಕುದಿಸಿದಳು. ವಾಸನೆ ಬಾಗಿಲು ದಾಟಿ ಬೇವಿನ ಮರದವರೆಗೆ ಹೋಯಿತು. ಕರೆಯುವ ಮೊದಲೇ ಮಾರಯ್ಯ ಬಂದು, ಕೈ ತೊಳೆದು, ತಟ್ಟೆ ತಾನೇ ತೆಗೆದುಕೊಂಡು ಅವಳೆದುರು ಕೂತ.

ಮೊದಲ ಗುಟುಕಿಗೆ ಕಣ್ಣು ಮುಚ್ಚಿದ. ಬೋರಕ್ಕ ಅವನ ಗಂಟಲನ್ನೇ ನೋಡುತ್ತಿದ್ದಳು. ಅದು ಮೇಲೆದ್ದು ಕೆಳಗಿಳಿಯಿತು. ಅದರ ಪಕ್ಕದಲ್ಲೇ, ಟವೆಲ್ಲಿನ ಅಂಚಿನಲ್ಲಿ, ಅಡಿಕೆಯಷ್ಟು ಗಡ್ಡೆ. ಅವಳು ಅದರ ಮೇಲಿನ ಕಣ್ಣು ಕೀಳಲಿಲ್ಲ.

"ಸಾಕೇನೋ," ಎಂದ ಮಾರಯ್ಯ ತಟ್ಟೆ ಬರಿದು ಮಾಡಿ, ಅವಳ ಮುಖ ನೋಡುತ್ತ.

ಬೋರಕ್ಕ ಸೌಟು ತುಂಬ ತೆಗೆದು ಮತ್ತೆ ಬಡಿಸಿದಳು.