ಎಂಟಡಿ ಮಣ್ಣು

ಪಕ್ಕದ ಸೈಟಿನವರು ನಾಲ್ಕನೆಯ ಮಾಳಿಗೆ ಏರಿಸಿದ ತಿಂಗಳೇ ನಮ್ಮ ಗಿಡ ಮೊಗ್ಗು ಬಿಡುವುದನ್ನು ನಿಲ್ಲಿಸಿತು. ಮಾಳಿಗೆ ಬಂತು, ಮಲ್ಲಿಗೆ ಹೋಯಿತು ಎಂದು ನಕ್ಕೆ. ನಕ್ಕಿದ್ದು ಅದೇ ಕೊನೆ. ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಕಾಂಪೌಂಡಿನೊಳಗೆ ಬರಿಯ ಮಣ್ಣು ಉಳಿದಿರುವುದು ನಮ್ಮ ಮನೆಯೊಂದರಲ್ಲೇ. ಎಂಟಡಿ ಅಗಲ, ಇಪ್ಪತ್ತಡಿ ಉದ್ದ. ಈಗ ಅಲ್ಲಿಗೆ ಬಿಸಿಲು ಬರುವುದು ಬೆಳಿಗ್ಗೆ ಒಂಬತ್ತಕ್ಕೆ, ಕಾಲು ಗಂಟೆ. ಪೋಸ್ಟ್‌ಮ್ಯಾನ್ ಬಂದು ಹೋದ ಹಾಗೆ.

ಅಪ್ಪನ ಸಿಟ್ಟೇ ಬೇರೆ. ರಸ್ತೆಯಲ್ಲಿ ನಿಲ್ಲಿಸಿದ ಅವರ ಕಾರಿಗೆ ವಾರಕ್ಕೊಂದು ಹೊಸ ಗೀರು.

"ನೋಡು ಆರಾಧನಾ, ದೀಪಾವಳಿವರೆಗೂ ಟೈಮ್ ಕೊಟ್ಟಿದೀನಿ. ಅಷ್ಟರಲ್ಲಿ ಅಲ್ಲಿ ಒಂದೇ ಒಂದು ಗಿಡ ನೆಟ್ಟಗೆ ನಿಂತ್ರೂ ಸರಿ. ಇಲ್ದಿದ್ರೆ ಸಿಮೆಂಟ್ ಹಾಕಿಸ್ತೀನಿ, ಕಾರು ಒಳಗೆ."

ಅಪ್ಪ, ಅಂದರೆ ವೆಂಕಟಾಚಲ ಮೇಷ್ಟ್ರು, ಮೂವತ್ತು ವರ್ಷ ಗಣಿತ ಕಲಿಸಿದವರು. ನಿವೃತ್ತಿಯಾದರೂ ಪರೀಕ್ಷೆ ಇಡುವ ಚಟ ಬಿಟ್ಟಿಲ್ಲ.

ನಾನು ಓದಿದವಳಲ್ಲವೇ? ಅಮೆರಿಕದ ಯಾವುದೋ ಜಾಲತಾಣದಲ್ಲಿ ನೆರಳಿಗೆ ಒಗ್ಗುವ ಗಿಡಗಳ ಪಟ್ಟಿ ಸಿಕ್ಕಿತು, ಒಂದೊಂದರ ಮುಂದೂ ಹವಾಮಾನ ವಲಯದ ನಂಬರು. ನಂಬರು ನೋಡಿ ನಂಬಿದೆ. ಹೋಸ್ಟಾ ಎಂಬ ಗಿಡದ ಗೆಡ್ಡೆ ತರಿಸಿ ನೆಟ್ಟೆ. ಚಳಿಗಾಲವೆಲ್ಲ ಹಿಮದಡಿ ಮಲಗಿ ಏಳಬೇಕಾದ ಗಿಡವಂತೆ ಅದು. ನಮ್ಮಲ್ಲಿ ಮಲಗಿದ್ದು ಏಳಲೇ ಇಲ್ಲ. ಆಮೇಲೆ ನರ್ಸರಿಯೊಂದರವನು ಊಟಿಯಿಂದ ಬಂದ ಫ್ಯೂಷಿಯಾ ಹೊರಿಸಿದ. ಜುಮುಕಿಯಂಥ ಹೂವು ಒಂದು ತಿಂಗಳು ತೂಗಿತು, ಎರಡನೆಯ ತಿಂಗಳು ಗಿಡವೇ ತೂಗಿ ಬಿತ್ತು. ಹವಾಮಾನ ತಿಳಿಯದೆ ಮಾನ ಕಳೆದುಕೊಂಡ ಮೇಲೆ ನಮ್ಮ ಬೀದಿಯಲ್ಲೇ ತಳ್ಳುಗಾಡಿಯಲ್ಲಿ ಗಿಡ ಮಾರುವ ಮುನಿರಾಜುವನ್ನು ಕರೆದೆ.

"ಊಟಿದು ಊಟಿಲೇ ಇರ್ಲಿ ಬುಡಕ್ಕ," ಎಂದು ಅವನು ಕನಕಾಂಬರ, ದೊಡ್ಡಪತ್ರೆ, ಒಂದು ವೀಳ್ಯದೆಲೆ ಬಳ್ಳಿ ಕೊಟ್ಟ. "ಇವು ನಮ್ಮೂರವು. ಬಿಸ್ಲು ಕಮ್ಮಿ ಆದ್ರೂ ಬದುಕ್ತವೆ."

ಮೂರು ವಾರಕ್ಕೆ ಅವೂ ಹಳದಿಯಾದವು.

ದೀಪಾವಳಿಗೆ ಇನ್ನೂ ಎಂಟು ದಿನ ಇರುವಾಗ, ಬೆಳಿಗ್ಗೆ ಏಳಕ್ಕೆ, ಟೆಂಪೊ ಬಂದು ಗೇಟಿನೊಳಗೆ ಒಂದು ರಾಶಿ ಮರಳು ಸುರಿದು ಹೋಯಿತು. ನಾನು ಹಲ್ಲುಜ್ಜುತ್ತಿದ್ದ ಬ್ರಷ್ ಹಿಡಿದೇ ಓಡಿಬಂದೆ.

"ಇನ್ನೂ ಎಂಟು ದಿನ ಇದೆಯಲ್ಲಪ್ಪಾ!"

"ಆನ್ಸರ್ ಪೇಪರ್ ಪೂರ್ತಿ ಖಾಲಿ ಇದೆ. ಟೈಮ್ ಇದ್ರೇನು, ಇಲ್ದಿದ್ರೇನು?"

ಮೈಯೆಲ್ಲ ಉರಿದುಹೋಯಿತು. ಅಪ್ಪನ ಮೇಲೆ ಕೂಗಿದರೆ ಇನ್ನೆರಡು ಟೆಂಪೊ ಬರುತ್ತವೆ. ಆಗಲೇ ಬೀದಿಯ ತುದಿಯಲ್ಲಿ ಮುನಿರಾಜುವಿನ ಗಾಡಿ ಕಂಡಿತು.

"ರೀ ಮುನಿರಾಜು, ಬನ್ರೀ ಇಲ್ಲಿ! ನಮ್ಮೂರವು, ಬದುಕ್ತವೆ ಅಂದ್ರಲ್ಲಾ? ನೋಡಿ, ಹೆಣ ಮಾರಿದೀರಾ ನಂಗೆ! ನಿಮ್ಮನ್ನ ನಂಬಿ ನನ್ನ ಮಣ್ಣು ಹೋಯ್ತು!"

ಅವನಿಗೂ ಸಿಟ್ಟು ಬಂತು. "ಸುಮ್ಕೆ ಬೈಬ್ಯಾಡಿ. ನಮ್ಮಪ್ಪನ ಕಾಲದಿಂದ ಗಿಡ ಮಾರ್ತಾ ಇದೀವಿ. ಮೊದ್ಲು ನೋಡ್ತೀನಿ, ಆಮೇಲೆ ಬೈಯೋರಂತೆ."

ಚಪ್ಪಲಿ ಬಿಟ್ಟು ಒಳಗೆ ಬಂದವನು ತೋರುಬೆರಳನ್ನು ಮಣ್ಣಿಗೆ ಚುಚ್ಚಿ ಮೂಸಿದ. ಒಂದು ಕನಕಾಂಬರವನ್ನು ಕಿತ್ತ. ಅದರ ಬೇರು, ಸೋಸಿ ಎಸೆದ ಕಾಫಿ ಚರಟದ ಹಾಗೆ, ಕಪ್ಪಾಗಿ ಉದುರಿತು.

"ಇದು ನೆಳ್ಳಿಗೆ ಸತ್ತಿಲ್ಲ. ಮುಳುಗಿ ಸತ್ತೈತೆ. ದಿನಾ ಎಷ್ಟು ನೀರು?"

"ಒಂದೇ ಜಗ್. ನಾನೊಬ್ಬಳೇ ಹಾಕೋದು."

ಅಪ್ಪ ಕೆಮ್ಮಿದರು. "ನಾನು ಸ್ನಾನ ಆದ್ಮೇಲೆ ಒಂದು ಚೊಂಬು... ಅದು ನೀರು ಹಾಕೋದಲ್ಲ. ಅರ್ಘ್ಯ."

ಬಾಗಿಲಲ್ಲಿ ನಿಂತಿದ್ದ ಅಮ್ಮನ ಕಡೆ ಎಲ್ಲರೂ ತಿರುಗಿದೆವು.

"ನನ್ಯಾಕೆ ನೋಡ್ತೀರಾ? ದೇವರ ಅಭಿಷೇಕದ ನೀರನ್ನ ಮೋರಿಗೆ ಚೆಲ್ಲಕ್ಕಾಗತ್ತಾ? ಅದು, ಮತ್ತೆ ಅಕ್ಕಿ ತೊಳೆದಿದ್ದು. ಅಷ್ಟೇ. ಬೇಳೆ ತೊಳೆದಿದ್ದೂ ಒಂದೊಂದ್ಸಲ."

"ಬಿಸ್ಲಿದ್ದಾಗ ಇದೆಲ್ಲಾ ಆರ್ತಿತ್ತು," ಎಂದ ಮುನಿರಾಜು. "ನೆಳ್ಳಲ್ಲಿ ಎಲ್ಲಿ ಆರ್ತದೆ? ಪಾಪ, ಕೆಸರಲ್ಲಿ ನಿಂತವೆ."

ಆರು ತಿಂಗಳು ನಾನು ಪಕ್ಕದ ಮಾಳಿಗೆ ಕಟ್ಟಿದ ಬಿಲ್ಡರನ್ನು, ಅಮೆರಿಕವನ್ನು, ಊಟಿಯನ್ನು ಬೈದಿದ್ದೆ! ಸಿಟ್ಟಿಗೆ ಲಗಾಮೇ ಉಳಿಯಲಿಲ್ಲ. ಬ್ರಷ್ಷನ್ನು ಚೊಂಬಿನಂತೆ ಎತ್ತಿ ಹಿಡಿದು, ಕಣ್ಣು ಮುಚ್ಚಿ, ಅಪ್ಪನ ಮೂಗಿನ ರಾಗದಲ್ಲೇ ಗುನುಗುತ್ತ ಮಣ್ಣಿನ ಮೇಲೆ ಅರ್ಘ್ಯ ಬಿಟ್ಟೆ. ಸೊಂಟಕ್ಕೆ ಸೆರಗು ಸಿಕ್ಕಿಸಿದಂತೆ ಮಾಡಿ, "ಅಷ್ಟೇ, ಒಂದೇ ಒಂದು ತೊಟ್ಟು, ಪಾಪ ಬಾಯಾರಿರತ್ತೆ," ಎಂದು ಅಮ್ಮನಾದೆ.

ಅಮ್ಮ ಸುಮ್ಮನಿರುವವಳಲ್ಲ. ಮೆಟ್ಟಿಲಿಳಿದು ಬಂದು ಬಲಗೈಯನ್ನು ಕಿವಿಗೆ ಫೋನಿನಂತೆ ಒತ್ತಿಕೊಂಡು, ಎಡಗೈಯಲ್ಲಿ ಇಲ್ಲದ ಜಗ್ ಬಗ್ಗಿಸಿದಳು. "ಹೂಂ ಕಣೇ ವಿನುತಾ... ಅಯ್ಯೋ ಇಲ್ವೇ... ಆಮೇಲೇನಾಯ್ತು... ಒಂದೇ ಜಗ್ ಕಣೇ..." ಎನ್ನುತ್ತ ಗಿಡದಿಂದ ಗಿಡಕ್ಕೆ ನಡೆದಳು. ನಲ್ಲಿಗೆ ಹೋಗಿ ಬಂದಳು. ಮತ್ತೆ ನಡೆದಳು. ಮತ್ತೆ ನಲ್ಲಿ.

ಥೇಟ್ ನಾನೇ, ಗೆಳತಿಯೊಡನೆ ಫೋನಿನಲ್ಲಿ ಹರಟುತ್ತ ನೀರು ಹಾಕುವಾಗ. ಮುನಿರಾಜು ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದ. ನನಗೆ ನಗು ಬರಲಿಲ್ಲ. ಬಿಲ್ಡರನ ಮೇಲಾದರೆ ಜೋರಾಗಿ ಕೂಗಬಹುದು. ಈಗ ಯಾರ ಮೇಲೆ ಕೂಗಲಿ?

ಮುನಿರಾಜು ವೀಳ್ಯದೆಲೆ ಬಳ್ಳಿಯ ಬುಡ ಕೆದಕಿದ. "ಇದರಾಗೆ ಬಿಳೀ ಬೇರೈತೆ. ಉಳೀತದೆ. ಮಣ್ಣು ಏರಿಸ್ಬೇಕು, ನೀರು ಇಳಿಯೋ ಹಂಗೆ ಮರಳು ಬೆರಸ್ಬೇಕು. ಬೆರಳಿಗೆ ಒಣಗಿದ್ದು ತಾಕೋ ತನಕ ಒಂದು ತೊಟ್ಟೂ ಹಾಕ್ಬ್ಯಾಡಿ."

ಮರಳು. ನಾನು ರಾಶಿಯನ್ನು ನೋಡಿದೆ. ಅಪ್ಪನೂ ನೋಡಿದರು.

"ಮುಟ್ಬೇಡ! ಅದು ಸಿಮೆಂಟಿಗೆ ತರಿಸಿದ್ದು!"

"ಒಂದೇ ಒಂದು ಗಿಡ ಅಂದಿದ್ರಿ. ದೀಪಾವಳಿವರೆಗೂ ಅಂದಿದ್ರಿ," ಎಂದು ನಾನು ಬಕೆಟ್ ತಂದು ಮರಳಿಗೆ ಇಳಿಸಿದೆ. "ಟೈಮ್ ಮುಗಿಯೋ ಮುಂಚೇನೇ ಪೇಪರ್ ಕಿತ್ಕೊಂಡ್ಬಿಟ್ರಿ ನೀವು. ಮೇಷ್ಟ್ರು ಮಾಡೋ ಕೆಲ್ಸಾನಾ ಇದು?"

ಅಪ್ಪ ಕಾರಿನ ಬೀಗದ ಕೈ ಹುಡುಕುವ ನೆಪದಲ್ಲಿ ಒಳಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಅರ್ಧ ರಾಶಿ ಮಣ್ಣಿಗೆ ಸೇರಿತ್ತು. ಅಮ್ಮ ತಟ್ಟೆಯಲ್ಲಿ ಮರಳು ತಂದು ಒಂದು ಬದಿ ತುಂಬಿಸಿದಳು.

ಮಾರನೆಯ ಬೆಳಿಗ್ಗೆ ಸ್ನಾನ ಮುಗಿಸಿದ ಅಪ್ಪ ಅಭ್ಯಾಸದಂತೆ ಚೊಂಬು ಹಿಡಿದು ಬಳ್ಳಿಯ ಮುಂದೆ ನಿಂತರು. ನಾನು ಕಿಟಕಿಯಿಂದ ಕೆಮ್ಮಿದೆ, ಅವರದೇ ಕೆಮ್ಮು. ಅವರು ಬಗ್ಗಿ, ತೋರುಬೆರಳನ್ನು ಮಣ್ಣಿಗೆ ಚುಚ್ಚಿ ನೋಡಿದರು. ಗೇಟು ತೆಗೆದು ಹೊರಗೆ ಹೋಗಿ ರಸ್ತೆಯ ಹೊಂಗೆಮರದ ಬುಡಕ್ಕೆ ಚೊಂಬು ಬಗ್ಗಿಸಿದರು. ಪಕ್ಕದಲ್ಲಿದ್ದ ಕಾರಿನ ಮೇಲೆ ಕಣ್ಣು ಬಿತ್ತು.

"ಯಾವನೋ ಅವ್ನು, ಮತ್ತೆ ಗೀರಿದೋನು!"

ಇಡೀ ಬೀದಿಗೆ ಕೇಳಿಸಿತು. ಸಿಮೆಂಟಿನ ಮಾತು ಮಾತ್ರ ಆ ಕೂಗಿನಲ್ಲಿ ಇರಲಿಲ್ಲ.