ಇನ್‌ಕ್ಯುಬೇಟರಿನೊಳಗೆ ಚೆಂಡುಹೂ

ಸುಲೋಚನಾ ಚಿಕ್ಕಮ್ಮನಿಗೆ ಉಸಿರು ಸಾಲುತ್ತಿರಲಿಲ್ಲ. ಬಳ್ಳಾರಿಯಿಂದ ಮದುವೆಯಾಗಿ ವಿಜಯವಾಡದ ಒನ್ ಟೌನ್ ಪೇಟೆಗೆ ಬಂದವಳು, ಈಗ ಗಂಡನ ಪಾತ್ರೆ ಅಂಗಡಿಯ ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲಬೇಕಿತ್ತು. ಶ್ವಾಸಕೋಶ ಒಳಗೊಳಗೇ ಗಟ್ಟಿಯಾಗುತ್ತಿದೆ, ಕಾರಣ ಗೊತ್ತಿಲ್ಲ ಎಂದಿದ್ದರು ಡಾಕ್ಟರು. ಅದನ್ನು ನಿಧಾನಗೊಳಿಸುವ ಔಷಧ ಎರಡಿದ್ದವು. ಕೊಡಬೇಕಾದದ್ದು ಒಂದನ್ನೇ. ಯಾವುದು ಈಕೆಗೆ ಹಿಡಿಯುತ್ತದೆಂದು ಹೇಳಲು ಅವರಿಗೆ ದಾರಿ ಇರಲಿಲ್ಲ.

ಅಕ್ಕನ ಮಗಳು ಶ್ರಾವಣಿ ವಿಶಾಖಪಟ್ಟಣದ ಮಧುರವಾಡದ ಖಾಸಗಿ ಲ್ಯಾಬೊಂದರಲ್ಲಿ ಸಂಶೋಧಕಿ. ಪರೀಕ್ಷೆಗೆಂದು ಚಿಕ್ಕಮ್ಮನ ಶ್ವಾಸಕೋಶದಿಂದ ಕೊಯ್ದ ಚೂರಿನಲ್ಲಿ ಮಿಕ್ಕದ್ದನ್ನು ಡಾಕ್ಟರಿಂದ ಪಡೆದು, ಅದರ ಜೀವಕೋಶಗಳಿಂದ ಸಾಸಿವೆಗಿಂತ ಸಣ್ಣ ಉಂಡೆಗಳನ್ನು ಬೆಳೆಸಿದ್ದಳು. ಆರ್ಗನಾಯ್ಡ್ ಎನ್ನುತ್ತಾರೆ. ಶ್ವಾಸಕೋಶದ ಗಾಳಿಚೀಲದಂತೆ ಒಳಗೆ ಟೊಳ್ಳು, ಚಿಕ್ಕಮ್ಮನದರಂತೆಯೇ ಗಟ್ಟಿಯಾಗತೊಡಗಿದ್ದವು. ಅವನ್ನಿಟ್ಟ ಪ್ಲೇಟಿನಲ್ಲಿ ಇಪ್ಪತ್ತನಾಲ್ಕು ಗುಳಿ. ದಸರಾ ಮುಗಿದ ಮೇಲೆ ಮೂರು ಪಾಲು ಮಾಡಿ, ಒಂದಕ್ಕೆ ಒಂದು ಔಷಧ, ಇನ್ನೊಂದಕ್ಕೆ ಇನ್ನೊಂದು, ಮೂರನೆಯದಕ್ಕೆ ಏನೂ ಹಾಕದೆ ನೋಡಬೇಕಿತ್ತು.

ಅದು ೨೦೧೯ರ ಆಯುಧಪೂಜೆ. ಆ ಲ್ಯಾಬಿನಲ್ಲಿ ಅಂದು ಯಂತ್ರಗಳನ್ನೆಲ್ಲ ಆರಿಸಿ, ಒರೆಸಿ, ಹೂವಿಟ್ಟು, ಮರುದಿನದವರೆಗೆ ಮುಟ್ಟದೆ ಬಿಡುತ್ತಿದ್ದರು. ಮನೆಯವರಿಗೆ ಒಳಗೆ ಪ್ರವೇಶವಿದ್ದದ್ದು ಅದೊಂದೇ ದಿನ. ಚಿಕ್ಕಮ್ಮ ರೈಲು ಹತ್ತಿ ಬಂದಿದ್ದಳು.

"ಎಲ್ಲೈತೆ ನನ್ನ ಊಪಿರಿತಿತ್ತಿ?" ಶ್ವಾಸಕೋಶಕ್ಕೆ ಆಕೆಯ ಬಾಯಲ್ಲಿ ತೆಲುಗು ಹೆಸರೇ.

ಶ್ರಾವಣಿ ಇನ್‌ಕ್ಯುಬೇಟರಿನ ಹೊರಬಾಗಿಲು ತೆರೆದು, ಒಳಗಾಜಿನಾಚೆಯ ಪ್ಲೇಟು ತೋರಿಸಿದಳು.

"ಇಷ್ಟೇನಾ? ನಮ್ಮಂಗಡ್ಯಾಗಿನ ಒಗ್ಗರಣೆ ಸೌಟಿಗೂ ಸಾಲಂಗಿಲ್ಲ."

"ಇದು ಬೆಚ್ಚಗಿರ್ಬೇಕು ಚಿಕ್ಕಮ್ಮಾ. ತಣ್ಣಗಾದ್ರೆ ಸತ್ತೋಗ್ತವೆ. ನಿನ್ನ ಉಸಿರು ಹೀಗಿರೋವಾಗ ಇನ್ನೊಂದ್ಸಲ ಕೊಯ್ಯೋ ಹಾಗೂ ಇಲ್ಲ."

ಅಷ್ಟರಲ್ಲಿ ಮ್ಯಾನೇಜರ್ ಜಗನ್ಮೋಹನ್ ಕುಂಕುಮದ ತಟ್ಟೆ ಹಿಡಿದು ಬಂದವರು ಸ್ವಿಚ್ಚಿಗೆ ಕೈ ಹಾಕಿದರು. ಶ್ರಾವಣಿ ಅಡ್ಡ ನಿಂತಳು. ಮಾತು ತೆಲುಗಿನಲ್ಲಿ ನಡೆಯಿತು.

"ಇದನ್ನ ಆರಿಸೋ ಹಾಗಿಲ್ಲ ಸಾರ್."

"ಒಂದು ರಾತ್ರಿ ತಾನೇ ಅಮ್ಮಾ. ಯಂತ್ರಕ್ಕೂ ವಿಶ್ರಾಂತಿ ಬೇಡವಾ?"

"ಆಸ್ಪತ್ರೆಯಲ್ಲಿ ವೆಂಟಿಲೇಟರಿಗೆ ವಿಶ್ರಾಂತಿ ಕೊಡ್ತಾರಾ?"

"ಚೇರ್ಮನ್ ಬರ್ತಿದ್ದಾರೆ. ಇದೊಂದೇ ಗುಂಯ್ ಅಂತಿದ್ರೆ ನಾನೇನು ಹೇಳಲಿ?"

"ಶ್ರಾವಣಿ ಬಿಡಲಿಲ್ಲ ಅನ್ನಿ."

"ನಿಮ್ಮ ಕಾಂಟ್ರಾಕ್ಟ್ ಡಿಸೆಂಬರಿಗೆ ಮುಗಿಯುತ್ತೆ. ನೆನಪಿದೆಯಾ?"

"ಇದೆ. ಕೈ ತೆಗೀರಿ."

ಜಗನ್ಮೋಹನ್ ಸಿಟ್ಟಿನಿಂದ ಹೊರನಡೆದರು. ಅವಳೂ ಹಿಂದೆಯೇ ಹೋಗಿ, ಕಾರಿಡಾರಿನಲ್ಲಿ ಚೇರ್ಮನ್ನರನ್ನೇ ತಡೆದು ವಾದಿಸಿದಳು. ಅವರಿಗೆ ಊಟಕ್ಕೆ ತಡವಾಗುತ್ತಿತ್ತು. ಆರಿಸದೆ ಹೊರಗೆ ಕುಂಕುಮ ಹಚ್ಚಿ ಬಿಟ್ಟುಬಿಡಿ ಎಂದರು. ಅವಳು ಮರಳಿದಾಗ ಚಿಕ್ಕಮ್ಮ ಸ್ಟೂಲಿನ ಮೇಲೆ ಕೂತು ನಗುತ್ತಿದ್ದಳು.

"ಗೆದ್ದಿ ಬಿಡು," ಎಂದಳು.

ರಜೆ ಮುಗಿಸಿ ಔಷಧ ಹಾಕಲು ಪ್ಲೇಟು ತೆಗೆದಾಗ ಗುಳಿಗಳಲ್ಲಿ ಬಿಳಿ ಬೂಷ್ಟು ಹಬ್ಬಿತ್ತು. ಶೆಲ್ಫಿನ ಹಿಂಬದಿಯಲ್ಲಿ, ಆ ಬೆಚ್ಚನೆಯ ತೇವದಲ್ಲಿ, ಕುಂಕುಮ ಮೆತ್ತಿದ ಒಂದು ಚೆಂಡುಹೂ ಕೊಳೆಯುತ್ತಿತ್ತು.

ಶ್ರಾವಣಿ ಚಿಕ್ಕಮ್ಮನಿಗೆ ಫೋನು ಮಾಡಿ ಹೂವಿನ ವಿಷಯ ಕೇಳಿದಳು.

"ನಮ್ಮೂರ ಬೆಟ್ಟದ ಮೇಲಿನ ಅಮ್ಮನ ಗುಡಿ ಪ್ರಸಾದ ಅದು," ಎಂದಳು ಚಿಕ್ಕಮ್ಮ. "ನೀನು ಜಗಳಕ್ಕೆ ಹೋದಾಗ ಗಾಜು ತೆಗೆದು ಇಟ್ಟೆ. ಕಾಯ್ಲಿ ಅಂತ."

ಶ್ರಾವಣಿ ಆದದ್ದನ್ನು ಹೇಳಿದಳು, ಮೆತ್ತಗೆ ಮಾಡಲಿಲ್ಲ.

"ಹಂಗಾದ್ರೆ ಇನ್ನೊಂದು ಚೂರು ಕೊಯ್ಲಿ."

"ಡಾಕ್ಟ್ರು ಒಪ್ಪಲ್ಲ."

"ಯಾಕೆ, ಅದೇನು ಅವರಪ್ಪಂದಾ?"

"ಬೇಡ ಚಿಕ್ಕಮ್ಮಾ. ಉಳಿದಿದ್ರಲ್ಲೇ ಮಾಡ್ತೀನಿ."

ಜಗನ್ಮೋಹನ್ ಬಾಗಿಲಲ್ಲಿ ನಿಂತಿದ್ದರು. "ಎಲ್ಲ ಬಿಸಾಡಿ ಯಂತ್ರ ತೊಳೆಸಿ," ಎಂದರು. "ಈಗಲಾದ್ರೂ ಆರಿಸಬಹುದಲ್ಲ?"

"ಪಕ್ಕದ ಇನ್‌ಕ್ಯುಬೇಟರ್ ಹಾಕಿಕೊಡಿ. ಇದನ್ನ ಆಮೇಲೆ ಆರಿಸಿ."

ಅವಳು ಮೈಕ್ರೋಸ್ಕೋಪಿನಲ್ಲಿ ಗುಳಿ ಗುಳಿ ನೋಡಿದಳು. ಮೂಲೆಯ ಮೂರರಲ್ಲಿ ಬೂಷ್ಟು ಕಾಣಲಿಲ್ಲ. ಅವುಗಳಲ್ಲಿದ್ದ ಉಂಡೆಗಳನ್ನು ಹೊಸ ಪ್ಲೇಟಿಗೆ ಹಾಕಿದಳು. ಒಂದಕ್ಕೆ ಒಂದು ಔಷಧ, ಇನ್ನೊಂದಕ್ಕೆ ಇನ್ನೊಂದು, ಮೂರನೆಯದಕ್ಕೆ ಏನೂ ಇಲ್ಲ. ಇಷ್ಟರಿಂದ ಯಾರೂ ಏನನ್ನೂ ನಂಬುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಹಾಕಿದಳು.

ಇಪ್ಪತ್ತನಾಲ್ಕರಲ್ಲಿ ಹೋದವು ಇಪ್ಪತ್ತೊಂದು.