ಎಂಬತ್ತೈದು ಕೆ.ಜಿ.ಯ ಗೆರೆ

ನಾನು ಒಂದು ತೂಕದ ಯಂತ್ರ. ಅಂಗಡಿಯ ತಕ್ಕಡಿಯಲ್ಲ, ಮನುಷ್ಯರು ಹತ್ತಿ ನಿಲ್ಲುವ ಜಾತಿಯದು. ಮೇಲೊಂದು ತಗಡಿನ ಹಲಗೆ, ಕೆಳಗೆ ಡಬ್ಬಿಯಂಥ ಹೊಟ್ಟೆ, ಅದರೊಳಗೆ ಸ್ಪ್ರಿಂಗು, ಗಾಜಿನ ಹಿಂದೆ ಒಂದು ಕೆಂಪು ಮುಳ್ಳು. ಕಾರ್ಖಾನೆಯಲ್ಲಿ ಕಬ್ಬಿಣದ ಗುಂಡುಗಳನ್ನಿಟ್ಟು ಪರೀಕ್ಷಿಸಿದಾಗ ನನ್ನ ಮುಳ್ಳು ಕೂದಲೆಳೆಯಷ್ಟೂ ತಪ್ಪಲಿಲ್ಲ. ಆ ಜಂಬ ನನಗೆ ಬಹಳ ಕಾಲ ಇತ್ತು. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಮೊದಲು ಮದ್ದೂರಿನ ಒಬ್ಬ ಡಾಕ್ಟರ ಬಳಿ ಇದ್ದೆ. ಬಂದವರು ಚಪ್ಪಲಿ ಬಿಟ್ಟು, ಚೀಲ ಕೆಳಗಿಟ್ಟು, ಕೆಲವರು ಬಳೆಯನ್ನೂ ಕಳಚಿ ಹತ್ತುತ್ತಿದ್ದರು. ಎಷ್ಟು ಕಳಚಿದರೂ ನಾನು ಇದ್ದದ್ದನ್ನೇ ಹೇಳುತ್ತಿದ್ದೆ. ಡಾಕ್ಟರು ಕ್ಲಿನಿಕ್ ಮುಚ್ಚಿದ ಮೇಲೆ ನನ್ನನ್ನು ಹತ್ತಿರದ ಕಾಲೇಜಿಗೆ ಕೊಟ್ಟರು. ಅಲ್ಲಿನ ಕ್ರೀಡಾ ಕೊಠಡಿಗೆ ಶಿವಮಾದು ಸರ್ ಯಜಮಾನರು. ಹುಡುಗರಿಗೆ ಕಬಡ್ಡಿ ಕಲಿಸುವವರೂ ಅವರೇ.

ಕಬಡ್ಡಿ ಪಂದ್ಯಾವಳಿಗೆ ಒಂದು ನಿಯಮವುಂಟು. ಆಟಗಾರ ಎಂಬತ್ತೈದು ಕೆ.ಜಿ. ಮೀರಬಾರದು. ತಂಡದಲ್ಲಿ ಆ ಗೆರೆಯ ಭಯವಿದ್ದದ್ದು ಒಬ್ಬನಿಗೆ ಮಾತ್ರ, ಚಲುವರಾಜನಿಗೆ. ಬಲಮೂಲೆಯಲ್ಲಿ ನಿಲ್ಲುವ ಹುಡುಗ. ಅವನು ಕಾಲು ಹಿಡಿದರೆ ಎದುರಾಳಿ ತನ್ನ ಅಂಕಣಕ್ಕೆ ಮರಳಿದ್ದನ್ನು ಯಾರೂ ಕಂಡಿರಲಿಲ್ಲ. ನಾನು ಜನರನ್ನು ಗುರುತಿಸುವುದು ಅಂಗಾಲಿನಿಂದ. ಅವನದು ಹಿಮ್ಮಡಿ ಒಡೆದ ದೊಡ್ಡ ಪಾದ. ಆದರೆ ನನಗೆ ನೋವಾದೀತೆಂಬಂತೆ ಮೆಲ್ಲಗೆ ಹತ್ತುತ್ತಿದ್ದ.

ಆ ವರ್ಷ ನಮ್ಮ ತಂಡ ವಲಯದ ಐದು ಪಂದ್ಯಗಳನ್ನೂ ಗೆದ್ದಿತು. ದಸರೆ ಕಳೆದು ಮೂರು ವಾರಕ್ಕೆ ಅಂತರ ವಲಯ ಪಂದ್ಯಾವಳಿ. ವಿಶ್ವವಿದ್ಯಾಲಯ ತಂಡಕ್ಕೆ ಆಟಗಾರರನ್ನು ಆರಿಸುವುದು ಅಲ್ಲಿಯೇ. ಚಲುವರಾಜನಿಗೆ ಅದು ಕೊನೆಯ ವರ್ಷ, ಕೊನೆಯ ಅವಕಾಶ.

ಆಯುಧಪೂಜೆಯ ದಿನ ಸರ್ ನಮ್ಮನ್ನೆಲ್ಲ ಸಾಲಾಗಿ ಇಟ್ಟು ಪೂಜೆ ಮಾಡಿದರು. ನನಗೂ ಸೇವಂತಿಗೆ, ಗಾಜಿಗೆ ಕುಂಕುಮ. ತೆಂಗಿನಕಾಯಿಯನ್ನು ನನ್ನ ಪಕ್ಕದ ಕಬ್ಬಿಣದ ಡಂಬೆಲ್ಲಿಗೆ ಹೊಡೆದು ಒಡೆಯುವುದು ಸರ್ ಅವರ ಪದ್ಧತಿ. ಆ ಏಟಿಗೆ ಕರಟದ ಒಂದು ಚೂರು ಸಿಡಿದು ಬಂದು ನನ್ನ ಹಲಗೆಗೂ ಹೊಟ್ಟೆಗೂ ನಡುವೆ ಸಿಕ್ಕಿಕೊಂಡಿತು. ಸಣಕಲು ಹುಡುಗರು ಹತ್ತಿದರೆ ಏನೂ ಆಗುತ್ತಿರಲಿಲ್ಲ. ಭಾರದವರು ಹತ್ತಿದಾಗ ಹಲಗೆ ತಗ್ಗಿ ಚೂರಿಗೆ ತಾಗಿ, ಮುಳ್ಳು ಎರಡು ಕೆ.ಜಿ. ಮೊದಲೇ ನಿಂತುಬಿಡುತ್ತಿತ್ತು.

ಇದು ನನಗೆ ಗೊತ್ತಿತ್ತು. ಸ್ಪ್ರಿಂಗು ಇನ್ನೂ ಎಳೆಯಬೇಕು ಎನ್ನುತ್ತಿತ್ತು, ಹಲಗೆ ಇಳಿಯುತ್ತಿರಲಿಲ್ಲ. ಕಿರುಗುಟ್ಟಬಹುದಿತ್ತು, ಮುಳ್ಳನ್ನು ಹುಚ್ಚಾಪಟ್ಟೆ ಕುಣಿಸಿ ಕೆಟ್ಟಿದ್ದೇನೆಂದು ತೋರಿಸಬಹುದಿತ್ತು. ತೋರಿಸಲಿಲ್ಲ. ಎರಡು ವಾರ ಬರೀ ಮಜ್ಜಿಗೆ, ಸೌತೆಕಾಯಿಯಲ್ಲಿ ಇದ್ದ ಚಲುವರಾಜ ನನ್ನನ್ನು ನೋಡಿ ಹಿಗ್ಗುತ್ತಿದ್ದ. ಆ ಹಿಗ್ಗು ನನಗೂ ಹಿತವಾಗಿತ್ತು.

"ನೋಡ್ಲಾ ಚಲುವ, ಎಂಬತ್ನಾಲ್ಕೂವರೆ," ಎಂದರು ಸರ್. "ಸಾಕು. ಇನ್ನು ವಸಿ ಮುದ್ದೆ ಉಣ್ಣು, ಇಲ್ದಿದ್ರೆ ಹಿಡಿಯಾಕೆ ಕಸುವು ಇರಾಕಿಲ್ಲ."

ಪಂದ್ಯಾವಳಿಗೆ ಆಗ ಐದು ದಿನ ಬಾಕಿ ಇತ್ತು. ನಾನು ನಿಜ ಹೇಳಿದ್ದರೆ ಅವನು ಒಂದೂವರೆ ಕೆ.ಜಿ. ಇಳಿಸಿಬಿಡುತ್ತಿದ್ದ.

ಮುಂದಿನದನ್ನು ನಾನು ಕಂಡಿಲ್ಲ, ಹುಡುಗರು ಹಿಂದಿರುಗಿ ಮಾತಾಡಿದ್ದನ್ನು ಕೇಳಿದ್ದು. ಅಲ್ಲಿನ ಯಂತ್ರ ಎಂಬತ್ತಾರು ತೋರಿಸಿತಂತೆ. ಒಂದು ಗಂಟೆ ಸಮಯ ಕೊಟ್ಟರಂತೆ. ಚಲುವರಾಜ ಸ್ವೆಟರ್ ಹಾಕಿಕೊಂಡು ಬಿಸಿಲಲ್ಲಿ ಮೈದಾನ ಸುತ್ತಿ, ಉಗುಳಿ ಉಗುಳಿ ಬಾಯೊಣಗಿಸಿಕೊಂಡು ಮತ್ತೆ ಹತ್ತಿದರೂ ಇನ್ನೂರು ಗ್ರಾಂ ಹೆಚ್ಚೇ ಇತ್ತಂತೆ. ಅವನನ್ನು ಹೊರಗಿಟ್ಟರು. ಬಲಮೂಲೆ ಖಾಲಿಯಾದ ತಂಡ ಮೊದಲ ಪಂದ್ಯದಲ್ಲೇ ಮೂರು ಅಂಕದಿಂದ ಸೋತಿತು.

ಪಂದ್ಯಾವಳಿಗೆ ನಾಲ್ಕು ದಿನ ಮೊದಲು ಅವನ ಅಕ್ಕನ ಮದುವೆಯ ಬೀಗರೂಟವಿತ್ತು. ಬಾಡೂಟದ ಪಂಕ್ತಿ ಎಂದ ಮೇಲೆ ಹುಡುಗರಿಗೆ ಬೇರೆ ಕಾರಣ ಬೇಕೆ?

"ಎಲೆ ಮುಂದೆ ಕುಂತ್ರೆ ಇವ್ನು ಎದ್ದಾನಾ?" ಎಂದ ನಾಯಕ ಪುನೀತ್. "ನಮ್ ಕಪ್ಪನ್ನೂ ಸೇರಿಸಿ ಉಂಡ್‌ಬುಟ್ಟ."

"ನಾನು ಬಡಿಸಿದ್ದು ಕಣ್ರಲಾ, ಉಂಡಿಲ್ಲ," ಎಂದು ಚಲುವರಾಜ ಹೇಳಿದ. ಯಾರೂ ನಂಬಲಿಲ್ಲ. ಅವನು ಕೊಠಡಿಗೆ ಬರುವುದನ್ನೇ ಬಿಟ್ಟ.

ಒಂದು ವಾರದ ಮೇಲೆ ಸರ್ ಒಬ್ಬರೇ ಬಂದು ಜಿಮ್ಮಿನ ಕಬ್ಬಿಣದ ತಟ್ಟೆಗಳನ್ನು ನನ್ನ ಮೇಲೆ ಪೇರಿಸಿದರು. ಲೆಕ್ಕಕ್ಕೆ ತೊಂಬತ್ತು. ನಾನು ಎಂಬತ್ತೆಂಟು ತೋರಿಸಿದೆ. ನನ್ನನ್ನು ಎತ್ತಿ ಕೊಡವಿದರು. ಕರಟದ ಚೂರು ಉದುರಿತು, ಅದಕ್ಕೆ ಅಂಟಿದ ಕುಂಕುಮ ಇನ್ನೂ ಹಾಗೇ ಇತ್ತು. ಸರ್ ಬಹಳ ಹೊತ್ತು ಅದನ್ನು ನೋಡುತ್ತ ಕುಕ್ಕರಗಾಲಲ್ಲಿ ಕೂತಿದ್ದರು. ಆಮೇಲೆ ಜೇಬಿಗೆ ಹಾಕಿಕೊಂಡು ಬಾಗಿಲು ಎಳೆದುಕೊಂಡು ಹೋದರು. ನಾಳೆ ಹುಡುಗರನ್ನು ಕರೆದು ಹೇಳುತ್ತಾರೆ ಎಂದುಕೊಂಡೆ. ಮರುದಿನವೂ ಹೇಳಲಿಲ್ಲ, ಅದರ ಮಾರನೆಯ ದಿನವೂ ಹೇಳಲಿಲ್ಲ. ಅವರು ಕೆಟ್ಟವರಲ್ಲ. ತಮ್ಮದೇ ಪೂಜೆಯಿಂದ ತಂಡ ಸೋತಿತೆಂದು ಒಪ್ಪಿಕೊಳ್ಳಲು ಅವರಿಗೆ ಎದೆ ಸಾಲಲಿಲ್ಲ. ಅವರನ್ನು ಬೈಯಲು ನನಗೆ ಯಾವ ಮುಖವಿದೆ?

ಪರೀಕ್ಷೆ ಮುಗಿದ ಮೇಲೆ ಚಲುವರಾಜ ಟಿ.ಸಿ. ಒಯ್ಯಲು ಬಂದವನು ಕೊಠಡಿಗೂ ಬಂದ. ಸರ್ ಮೇಜಿನ ಹಿಂದೆ ಕೂತಿದ್ದರು. ಅವನು ಚಪ್ಪಲಿ ಬಿಟ್ಟು, ಅಭ್ಯಾಸಬಲದಿಂದ ನನ್ನ ಮೇಲೆ ನಿಂತ. ಎಪ್ಪತ್ತೊಂಬತ್ತು. ನಿಜವಾದ ಎಪ್ಪತ್ತೊಂಬತ್ತು. ಯಾವ ಪಂದ್ಯವೂ ಇಲ್ಲದೆ ಅವನು ಉಪವಾಸ ಮಾಡುತ್ತಲೇ ಇದ್ದ.

"ತಪ್ಪಾಯ್ತು ಸಾ," ಎಂದ ತಲೆ ತಗ್ಗಿಸಿ. "ಅವತ್ತು ಅಕ್ಕ ಬಲವಂತ ಮಾಡುದ್ಲು ಅಂತ ಎರಡು ತುಂಡು ಬಾಯಿಗ್ ಹಾಕ್ಕಂಡಿದ್ದೆ. ಯಾರ್ಗೂ ಹೇಳಿರ್ನಿಲ್ಲ. ಅದ್ರಿಂದ್ಲೇ ಹಂಗಾಗಿದ್ದು."

ಎರಡು ತುಂಡಿನ ತೂಕ ಎಷ್ಟೆಂದು ನನ್ನನ್ನು ಕೇಳಬೇಕಿತ್ತು.

ಸರ್ ಎದ್ದು ಬಂದರು. ಈಗಲಾದರೂ ಹೇಳುತ್ತಾರೆ ಎಂದು ನಾನು ಮುಳ್ಳು ಬಿಗಿಹಿಡಿದು ಕಾದೆ. ಅವರು ಅವನ ಹೆಗಲ ಮೇಲೆ ಕೈಯಿಟ್ಟರು. ಆ ಕೈಯ ಭಾರವೂ ನನಗೆ ಗೊತ್ತಾಯಿತು.

"ಹೋಗ್ಲಿ ಬುಡ್ಲಾ," ಎಂದರು. "ನಾನು ಮನಸ್ನಲ್ಲಿ ಇಟ್ಕಂಡಿಲ್ಲ."

ಚಲುವರಾಜ ಕಣ್ಣೊರೆಸಿಕೊಂಡು, ಬಗ್ಗಿ ಅವರ ಕಾಲು ಮುಟ್ಟಿ ನಮಸ್ಕರಿಸಿ ಹೋದ.

ಈಗ ಕೊಠಡಿಗೆ ಹೊಸ ಡಿಜಿಟಲ್ ಯಂತ್ರ ಬಂದಿದೆ. ನಾನು ಹರಿದ ನೆಟ್ಟಿನ ಕೆಳಗೆ, ಕಪಾಟಿನ ಸಂದಿಯಲ್ಲಿದ್ದೇನೆ. ಬಾಯಿಲ್ಲದ ವಸ್ತು, ಏನು ಮಾಡಲಾದೀತು ಎಂದು ಕೆಲವು ದಿನ ಸಮಾಧಾನ ಹೇಳಿಕೊಂಡೆ. ಅದು ಸುಳ್ಳು. ನನಗೆ ಮುಳ್ಳಿತ್ತು, ಅದೇ ನನ್ನ ಮಾತು. ಕ್ಷಮೆ ಕೇಳಬೇಕಾದವರು ಆ ಕೊಠಡಿಯಲ್ಲಿ ಇಬ್ಬರಿದ್ದೆವು. ಕೇಳಿದ್ದು ಮೂರನೆಯವನು.